ಜೊನಾಥನ್ ಎಡ್ವರ್ಡ್ಸ್ ಅವರ ಸಂಕಲ್ಪಗಳು

ಸಂಕಲ್ಪಗಳು ಎಂಬುದು ಅಮೆರಿಕದ ದೇವತಾಶಾಸ್ತ್ರಜ್ಞ ಹಾಗೂ ಸಭಾಪಾಲಕ ಜೊನಾಥನ್ ಎಡ್ವರ್ಡ್ಸ್ (5 ಅಕ್ಟೋಬರ್ 1703 – 22 ಮಾರ್ಚ್ 1758) ಅವರು 1722 ಮತ್ತು 1723ರಲ್ಲಿ ತಮ್ಮ ಸ್ವಂತ ಬಳಕೆಗಾಗಿ ಬರೆದುಕೊಂಡ 70 ನಿಯಮಗಳ ಪಟ್ಟಿ. ಮರಣ ಮತ್ತು ನಿತ್ಯತ್ವವನ್ನು ಮುಂದಿಟ್ಟುಕೊಂಡು ದಿನನಿತ್ಯದ ಬದುಕಿನಲ್ಲಿ ಯಾವುದಕ್ಕೆ ಮೊದಲ ಸ್ಥಾನ ಕೊಡಬೇಕೆಂದು ನಿರ್ಧರಿಸುವ ಕ್ರೈಸ್ತ ಸಂಪ್ರದಾಯಕ್ಕೆ ಪ್ರಾಟೆಸ್ಟಂಟ್ ಸಾಹಿತ್ಯದಲ್ಲಿ ಇದನ್ನು ಪ್ರಮುಖ ನಿದರ್ಶನವಾಗಿ ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಎಡ್ವರ್ಡ್ಸ್ ಕನೆಕ್ಟಿಕಟ್ ವಸಾಹತಿನ ಈಸ್ಟ್ ವಿಂಡ್ಸರ್‌ನಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಜನಿಸಿದರು. 1720ರಲ್ಲಿ ಯೇಲ್ ಕಾಲೇಜಿನಿಂದ ಪದವಿ ಪಡೆದು, 1722ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಚಿಕ್ಕ ಪ್ರೆಸ್ಬಿಟೇರಿಯನ್ ಸಭೆಯೊಂದರ ಬೋಧಕರಾಗಿ ಹೋದರು. ಆಗ ಅವರಿಗೆ ಇನ್ನೂ 19 ತುಂಬಿರಲಿಲ್ಲ. ಸಂಕಲ್ಪಗಳ ಬಹುಭಾಗ ಈ ಅವಧಿಗೂ ಅದರ ಮರುಬೇಸಗೆಗೂ ಸೇರಿದ್ದು. ಕೊನೆಯದು 17 ಆಗಸ್ಟ್ 1723ರದು.

ಇಂತಹ ಪಟ್ಟಿ ಆ ಕಾಲದಲ್ಲಿ ಅಪರೂಪವೇನೂ ಆಗಿರಲಿಲ್ಲ. ದಿನಚರಿ ಬರೆಯುವುದು, ಆತ್ಮಪರೀಕ್ಷೆ ಮಾಡಿಕೊಳ್ಳುವುದು, ದಿನಗಳನ್ನು ಎಣಿಸುವ ಜ್ಞಾನಕ್ಕಾಗಿ ಬೇಡುವ 90ನೇ ಕೀರ್ತನೆಯನ್ನು ಧ್ಯಾನಿಸುವುದು ಪ್ಯೂರಿಟನ್ ಮನೆಗಳ ರೂಢಿಯಾಗಿತ್ತು. ದೇವರ ರಾಜ್ಯವನ್ನು ಮೊದಲು ಹುಡುಕುವ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದ ಬೋಧನೆಯೂ, ಸಮಯವನ್ನು ಸದುಪಯೋಗಪಡಿಸಿಕೊಳ್ಳಬೇಕೆಂಬ ಎಫೆಸದವರಿಗೆ ಬರೆದ ಪತ್ರಿಕೆಯ ಬುದ್ಧಿವಾದವೂ ಈ ರೂಢಿಗೆ ಆಧಾರವಾಗಿದ್ದವು.

ನಿತ್ಯತ್ವದ ಅಳತೆಗೋಲು

ದೇವರ ಸಹಾಯವಿಲ್ಲದೆ ತಮ್ಮಿಂದ ಏನೂ ಸಾಧ್ಯವಿಲ್ಲವೆಂಬ ಒಪ್ಪಿಗೆಯೊಂದಿಗೆ ಪಟ್ಟಿ ಆರಂಭವಾಗುತ್ತದೆ. ವಾರಕ್ಕೊಮ್ಮೆ ಅದನ್ನು ಓದಬೇಕೆಂಬ ಸೂಚನೆಯೂ ಅಲ್ಲಿದೆ. ನಿಯಮಗಳಲ್ಲಿ ಊಟದ ಮಿತಿ, ಪರನಿಂದೆ, ಶಾಸ್ತ್ರಾಧ್ಯಯನ, ತಂದೆತಾಯಿಯರ ಮೇಲಿನ ಸಿಡುಕು ಮುಂತಾದ ಹಲವು ವಿಷಯಗಳಿವೆ. ಆದರೆ ಪಟ್ಟಿಗೆ ಅದರದೇ ಆದ ಸ್ವರೂಪ ಕೊಡುವುದು ಕಾಲವನ್ನು ಹಿಂದುಮುಂದಾಗಿಸುವ ನಿಯಮಗಳ ಗುಂಪು. ಇಂದಿನ ಕೆಲಸವನ್ನು ಇಂದಿನಿಂದ ನೋಡದೆ ಅದರ ಕೊನೆಯಿಂದ ನೋಡುವುದು ಇವುಗಳ ಕ್ರಮ.

ಒಂದು ಕ್ಷಣವನ್ನೂ ವ್ಯರ್ಥಗೊಳಿಸಬಾರದೆಂದು 5ನೆಯದು ಹೇಳಿದರೆ, ಬದುಕಿನ ಕೊನೆಯ ಗಳಿಗೆಯಲ್ಲಿ ಮಾಡಲು ಅಂಜುವಂಥದನ್ನು ಎಂದೂ ಮಾಡಬಾರದೆಂದು 7ನೆಯದು ನಿಷೇಧಿಸುತ್ತದೆ. ಸ್ವಂತ ಮರಣವನ್ನು ಸದಾ ನೆನೆಯುವುದು 9ನೆಯದರ ವಿಷಯ. ಸಾಯುವಾಗ ತಾನು ಹೇಗೆ ಬದುಕಿರಬೇಕಿತ್ತೆಂದು ಬಯಸುವೆನೋ ಹಾಗೆಯೇ ಈಗ ಬದುಕುವುದು 17ನೆಯದು. ಮುಪ್ಪಿನವರು ಮತ್ತೊಮ್ಮೆ ಬಾಳುವ ಅವಕಾಶ ಸಿಕ್ಕಿದ್ದರೆ ಹೀಗಿರುತ್ತಿದ್ದೆವು ಎಂದು ಹೇಳುವುದನ್ನು ಕೇಳಿ ಬರೆದ 52ನೆಯದು, ಆ ಪಶ್ಚಾತ್ತಾಪವನ್ನು ಯೌವನದಲ್ಲೇ ಬಳಸಿಕೊಳ್ಳುವ ಯತ್ನ. 50 ಮತ್ತು 55 ಇನ್ನೂ ಮುಂದೆ ಹೋಗಿ, ಪರಲೋಕವನ್ನು ತಲುಪಿದ ಮೇಲೆ, ಅಥವಾ ಸ್ವರ್ಗದ ಸುಖವನ್ನೂ ನರಕದ ಯಾತನೆಯನ್ನೂ ಈಗಾಗಲೇ ಕಂಡಿದ್ದರೆ, ಯಾವುದು ಉತ್ತಮವೆಂದು ತೋರುವುದೋ ಅದನ್ನೇ ಆರಿಸಿಕೊಳ್ಳಲು ಬಯಸುತ್ತವೆ.

22ನೆಯದು ಓದುಗರಿಗೆ ಅಚ್ಚರಿ ತರಬಹುದು. ಪರಲೋಕದಲ್ಲಿ ತನಗೆ ಸಾಧ್ಯವಾದಷ್ಟು ಹೆಚ್ಚು ಸುಖವನ್ನು ಗಳಿಸಿಕೊಳ್ಳಬೇಕೆಂಬ ಈ ನಿಯಮ ಮೇಲ್ನೋಟಕ್ಕೆ ಸ್ವಾರ್ಥದಂತೆಯೇ ಕಾಣುತ್ತದೆ. ಎಡ್ವರ್ಡ್ಸ್ ಅವರ ಚಿಂತನೆಯಲ್ಲಿ ಆ ಸುಖವೆಂದರೆ ದೇವರನ್ನೇ ಅನುಭವಿಸುವುದು ಎಂಬುದನ್ನು ಗಮನಿಸಿದರೆ ಮಾತ್ರ ಇದರ ಅರ್ಥ ತಿಳಿಯಾಗುತ್ತದೆ. 1738ರಲ್ಲಿ ಪ್ರೀತಿಯನ್ನು ಕುರಿತು ಅವರು ನೀಡಿದ ಪ್ರಸಂಗಮಾಲೆಯ ಕೊನೆಯ ಭಾಗ ಸ್ವರ್ಗವನ್ನು ಪ್ರೀತಿಯ ಲೋಕವಾಗಿ ಚಿತ್ರಿಸುತ್ತದೆ.

ದಿನಚರಿಯ ಸಾಕ್ಷ್ಯ

ಎಡ್ವರ್ಡ್ಸ್ ಅವರ ದಿನಚರಿ 18 ಡಿಸೆಂಬರ್ 1722ರಂದು, 35ನೇ ಸಂಕಲ್ಪವನ್ನು ಮಾಡಿದ ದಿನವೇ ಆರಂಭವಾಗುತ್ತದೆ. (ಆಗ ಇಂಗ್ಲಿಷ್ ವಸಾಹತುಗಳಲ್ಲಿ ಹೊಸವರ್ಷ ಮಾರ್ಚ್ 25ಕ್ಕೆ ಬರುತ್ತಿದ್ದುದರಿಂದ, ಮುಂದಿನ ಜನವರಿಯ ಬರಹಗಳಿಗೆ ಎರಡು ವರ್ಷಗಳ ಸಂಖ್ಯೆ ಕಾಣಬಹುದು.) ತಮ್ಮ ಆತ್ಮಾನುಭವ ಹಿರಿಯ ಬೋಧಕರು ವಿವರಿಸಿದ ಹಂತಗಳಿಗೆ ಹೊಂದುತ್ತಿಲ್ಲವೆಂಬ ಸಂಶಯ ಮೊದಲ ಪುಟದಲ್ಲೇ ಇದೆ. ಪ್ರತಿ ರಾತ್ರಿ, ವಾರ, ತಿಂಗಳು ಮತ್ತು ವರ್ಷದ ಕೊನೆಗೆ ತಮ್ಮ ನಡತೆಯ ಲೆಕ್ಕ ಕೇಳಿಕೊಳ್ಳಬೇಕೆಂದು 37ನೇ ಸಂಕಲ್ಪ ವಿಧಿಸುತ್ತದೆ. ಉತ್ಸಾಹ ಕುಗ್ಗಿದ ದಿನಗಳೂ ದಿನಚರಿಯಲ್ಲಿ ಮುಚ್ಚುಮರೆಯಿಲ್ಲದೆ ದಾಖಲಾಗಿವೆ.

ಬೆಂಜಮಿನ್ ಫ್ರಾಂಕ್ಲಿನ್ ಅವರ 13 ಸದ್ಗುಣಗಳ ಪಟ್ಟಿಯೊಂದಿಗೆ ಇದನ್ನು ಹೋಲಿಸುವುದು ವಾಡಿಕೆ. ಇಬ್ಬರೂ ತಮ್ಮ ತಪ್ಪುಗಳ ಲೆಕ್ಕವಿಟ್ಟವರು; ಆದರೆ ಫ್ರಾಂಕ್ಲಿನ್ ನೈತಿಕ ಪರಿಪೂರ್ಣತೆಯನ್ನು ಬಯಸಿ ಲೆಕ್ಕವಿಟ್ಟರೆ, ಎಡ್ವರ್ಡ್ಸ್ ದೇವರ ಮುಂದೆ ನಿಲ್ಲಬೇಕಾದವರಂತೆ ಲೆಕ್ಕವಿಟ್ಟರು. ಹೋಲಿಕೆಗೆ ಇರುವ ಬೆಲೆ ಅಷ್ಟೇ ಎನ್ನಬಹುದು.

ಎಡ್ವರ್ಡ್ಸ್ ಅವರೇ ನಂತರ ಬರೆದ ಆತ್ಮವೃತ್ತಾಂತದಲ್ಲಿ, ಯೌವನದ ಈ ಯತ್ನದಲ್ಲಿ ತಾವು ಸ್ವಂತ ಬಲದ ಮೇಲೆ ಅತಿಯಾಗಿ ಅವಲಂಬಿಸಿದ್ದಾಗಿಯೂ ಅದರಿಂದ ಹಾನಿಯಾದುದಾಗಿಯೂ ಒಪ್ಪಿಕೊಂಡಿದ್ದಾರೆ. ಪಟ್ಟಿಯನ್ನಷ್ಟೇ ಬಿಡಿಯಾಗಿ ಮುದ್ರಿಸುವ ಕಿರುಪುಸ್ತಕಗಳಲ್ಲಿ ಈ ಮಾತು ಕಾಣಿಸದಿರುವುದು ಕೊರತೆಯೇ ಸರಿ.

ಆಚರಣೆ ಮತ್ತು ಅದರ ಬೆಲೆ

1727ರಲ್ಲಿ ಎಡ್ವರ್ಡ್ಸ್ ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್ ಸಭೆಗೆ ಸೇರಿ, ಅದೇ ವರ್ಷ ಸಾರಾ ಪಿಯರ್‌ಪಾಂಟ್ ಅವರನ್ನು ವಿವಾಹವಾದರು. ದಂಪತಿಗಳಿಗೆ 11 ಮಕ್ಕಳು. ಶಿಷ್ಯ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಅವರ ಪ್ರಕಾರ ಅವರು ದಿನಕ್ಕೆ ಸಾಮಾನ್ಯವಾಗಿ 13 ಗಂಟೆ ಅಧ್ಯಯನದ ಕೋಣೆಯಲ್ಲಿರುತ್ತಿದ್ದರು. ಸಭೆಯ ಮನೆಗಳಿಗೆ ರೂಢಿಯಂತೆ ಭೇಟಿ ನೀಡುತ್ತಿರಲಿಲ್ಲ. ಅದಕ್ಕಿಂತ ಬೋಧನೆ ಮತ್ತು ಬರವಣಿಗೆಯಿಂದಲೇ ಹೆಚ್ಚು ಹಿತವಾದೀತೆಂದು ನಂಬಿದ್ದರು. ಕರ್ತನ ಭೋಜನಕ್ಕೆ ಯಾರನ್ನು ಸೇರಿಸಬೇಕೆಂಬ ವಿವಾದದಲ್ಲಿ 1750ರ ಜೂನ್‌ನಲ್ಲಿ ಸಭೆ ಅವರನ್ನು ಹುದ್ದೆಯಿಂದ ತೆಗೆದುಹಾಕಿತು. ದೊಡ್ಡ ಸಂಸಾರದ ಜೀವನೋಪಾಯ ಕೈತಪ್ಪುವುದೆಂದು ತಿಳಿದೂ ಅವರು ತಮ್ಮ ನಿಲುವನ್ನು ಬದಲಿಸಲಿಲ್ಲ.

ಇದೇ ವ್ಯಕ್ತಿ 1731ರಲ್ಲಿ ನ್ಯೂಪೋರ್ಟ್‌ನಲ್ಲಿ ವೀನಸ್ ಎಂಬ ಸುಮಾರು 14 ವರ್ಷದ ಆಫ್ರಿಕನ್ ಹುಡುಗಿಯನ್ನು ಗುಲಾಮಳಾಗಿ ಕೊಂಡಿದ್ದರು. ಅವರ ಮರಣಾನಂತರದ ಆಸ್ತಿಪಟ್ಟಿಯಲ್ಲಿ ಟೈಟಸ್ ಎಂಬ ಹುಡುಗನ ಹೆಸರಿದೆ. ಆಫ್ರಿಕದಿಂದ ಹೊಸದಾಗಿ ಗುಲಾಮರನ್ನು ತರುವ ವ್ಯಾಪಾರವನ್ನು ವಿರೋಧಿಸಿದರೂ ಗುಲಾಮರನ್ನು ಹೊಂದಿರುವುದನ್ನು ಅವರು ಸಮರ್ಥಿಸಿದರು. ಕೊನೆಯ ಗಳಿಗೆಯ ಕಣ್ಣಿನಿಂದ ಊಟದ ಅಳತೆಯನ್ನೂ ಪರೀಕ್ಷಿಸಿದವರಿಗೆ ಇದು ಪರೀಕ್ಷೆಯ ವಿಷಯವಾಗಿ ತೋರಲಿಲ್ಲ. ಹಾಪ್ಕಿನ್ಸ್ ಹಾಗೂ ಎಡ್ವರ್ಡ್ಸ್ ಅವರ ಮಗ ಕಿರಿಯ ಜೊನಾಥನ್ ಇಬ್ಬರೂ ಮುಂದೆ ಗುಲಾಮಗಿರಿಯ ವಿರುದ್ಧ ಬರೆದರು, ಬೋಧಿಸಿದರು.

1758ರಲ್ಲಿ ಎಡ್ವರ್ಡ್ಸ್ ಪ್ರಿನ್ಸ್‌ಟನ್‌ನ ಕಾಲೇಜಿನ ಅಧ್ಯಕ್ಷರಾದರು. ಸಿಡುಬಿನ ರಕ್ಷಣೆಗಾಗಿ ಹಾಕಿಸಿಕೊಂಡ ಚುಚ್ಚುಮದ್ದಿನ ಪರಿಣಾಮವಾಗಿ ಕೆಲವೇ ವಾರಗಳಲ್ಲಿ, 54ನೇ ವಯಸ್ಸಿನಲ್ಲಿ ನಿಧನರಾದರು.

ಪ್ರಭಾವ

ಸಂಕಲ್ಪಗಳ ಭಾಗಗಳು ಹಾಪ್ಕಿನ್ಸ್ ಬರೆದ 1765ರ ಜೀವನಚರಿತ್ರೆಯ ಮೂಲಕ ಮೊದಲಿಗೆ ಓದುಗರನ್ನು ತಲುಪಿದವು. ಯೇಲ್ ವಿಶ್ವವಿದ್ಯಾಲಯದ ಗ್ರಂಥಮಾಲೆಯಲ್ಲಿ ಇವು 1998ರ 16ನೇ ಸಂಪುಟದಲ್ಲಿವೆ.

ಈ ಜೀವನಕ್ರಮ ಭಾರತದವರೆಗೆ ಬಂದುದು ಇನ್ನೊಂದು ಪುಸ್ತಕದ ಮೂಲಕ. ಅಮೆರಿಕದ ಮೂಲನಿವಾಸಿಗಳ ನಡುವೆ ಕೆಲಸ ಮಾಡಿ, 1747ರಲ್ಲಿ ಎಡ್ವರ್ಡ್ಸ್ ಅವರ ಮನೆಯಲ್ಲೇ 29ನೇ ವಯಸ್ಸಿನಲ್ಲಿ ತೀರಿಕೊಂಡ ಡೇವಿಡ್ ಬ್ರೇನರ್ಡ್ ಅವರ ದಿನಚರಿಯನ್ನು ಆಧರಿಸಿ ಎಡ್ವರ್ಡ್ಸ್ 1749ರಲ್ಲಿ ಒಂದು ಜೀವನಚರಿತ್ರೆ ಪ್ರಕಟಿಸಿದರು. ಅದರಿಂದ ಗಾಢವಾಗಿ ಪ್ರಭಾವಿತರಾದವರಲ್ಲಿ ವಿಲಿಯಂ ಕೇರಿ ಒಬ್ಬರು. ಅವರು 1793ರಲ್ಲಿ ಬಂಗಾಳಕ್ಕೆ ಬಂದು, ಮುಂದೆ ಶ್ರೀರಾಮಪುರದಲ್ಲಿ ನೆಲೆಸಿ, 1817ರಲ್ಲಿ ಕನ್ನಡ ಭಾಷೆಯ ವ್ಯಾಕರಣವೊಂದನ್ನೂ ಪ್ರಕಟಿಸಿದರು.