ಬಸಳೆ ಚಪ್ಪರ: ಲೆಕ್ಕದ ಪುಸ್ತಕಕ್ಕೆ ಬಾರದ ಬೆಳೆ

ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಊರಿನ ಬೇಸಾಯದ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಭತ್ತ, ಅಡಿಕೆ, ತೆಂಗು, ಕಾಳುಮೆಣಸು ಇವುಗಳ ವಿಷಯ ಬರೆಯುವವರು ಬೇಕಾದಷ್ಟು ಜನ ಇದ್ದಾರೆಂದು ನಮಗೆ ತೋರಿತು. ಅಡಿಕೆಯ ಚರಿತ್ರೆಗೆ ಸಂಘದ ಸಾಲದ ಖಾತೆಗಳೇ ಸಾಕು, ಬೇರೆ ಆಧಾರ ಬೇಡ. ಆದ್ದರಿಂದ ನಾವು ಆರಿಸಿಕೊಂಡದ್ದು ಯಾವ ಖಾತೆಯಲ್ಲಿಯೂ ಹೆಸರಿಲ್ಲದ ಒಂದು ಬೆಳೆಯನ್ನು. ಅದು ಬಸಳೆ. ನಗಬೇಡಿ ಮಾರಾಯ್ರೇ, ಬಸಳೆಗೂ ಚರಿತ್ರೆ ಉಂಟು.

ಹಳೆಯ ಕಾಲದಿಂದಲೇ ಶುರು ಮಾಡುವ. ಸಂಸ್ಕೃತದಲ್ಲಿ ಇದಕ್ಕೆ ಉಪೋದಿಕಾ ಎಂದು ಹೆಸರು. ಚರಕ ಸಂಹಿತೆಯಲ್ಲಿ ಒಂದಕ್ಕೊಂದು ಹೊಂದದ ಆಹಾರಗಳನ್ನು ಹೇಳುವಲ್ಲಿ ಈ ಸೊಪ್ಪು ಬರುತ್ತದೆ. ಎಳ್ಳು ಅರೆದು ಅದರಲ್ಲಿ ಬೇಯಿಸಿದ ಬಸಳೆ ಅತಿಸಾರಕ್ಕೆ ಕಾರಣವೆಂದು ಅಲ್ಲಿ ಹೇಳಿದೆ. ಅಂದರೆ ಆ ಕಾಲದಲ್ಲಿಯೇ ಜನ ಇದನ್ನು ಬೇಯಿಸಿ, ಉಂಡು, ಹೊಟ್ಟೆ ಕೆಡಿಸಿಕೊಂಡು ನೋಡಿದ್ದರು ಎಂದಾಯಿತು. ನಮ್ಮ ಕಡೆ ಬಸಳೆಗೆ ತೆಂಗಿನಕಾಯಿಯನ್ನೇ ಅರೆಯುತ್ತಾರೆ, ಎಳ್ಳು ಹಾಕುವ ಕ್ರಮ ಇಲ್ಲ. ಅದು ಚರಕರ ಮಾತು ಕೇಳಿ ಆದದ್ದೋ, ಕರಾವಳಿಯಲ್ಲಿ ತೆಂಗು ಧಾರಾಳ ಇದ್ದುದರಿಂದ ಆದದ್ದೋ, ಓದುಗರೇ ತೀರ್ಮಾನಿಸಬಹುದು.

ಇದಕ್ಕಿಂತ ಸ್ವಾರಸ್ಯದ ವಿಷಯ ಬಸಳೆಯ ಲ್ಯಾಟಿನ್ ಹೆಸರಿನದ್ದು. ಡಚ್ಚರು ಕೊಚ್ಚಿಯಲ್ಲಿ ಆಳುತ್ತಿದ್ದಾಗ ಅವರ ಅಧಿಕಾರಿ ವಾನ್ ರೀಡ್ ಎಂಬವರು ಮಲಬಾರಿನ ಗಿಡಮರಗಳನ್ನೆಲ್ಲ ಚಿತ್ರಸಹಿತ ಬರೆಯಿಸಿ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚು ಹಾಕಿಸಿದರು. ‘ಹೋರ್ಟಸ್ ಮಲಬಾರಿಕಸ್’ ಎಂಬುದು ಆ ಗ್ರಂಥ. ಗಿಡಗಳ ಹೆಸರು, ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು, ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಈ ಮೂವರು ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವೂ ಆ ಗ್ರಂಥದಲ್ಲಿ ಅಚ್ಚಾಗಿದೆ. ಮಲಬಾರಿನ ಜನ ಆಡುತ್ತಿದ್ದ ಹೆಸರನ್ನೇ ಅಲ್ಲಿ ‘ಬಸೆಲ್ಲ’ ಎಂದು ಬರೆದರು. 1753ರಲ್ಲಿ ಸ್ವೀಡನ್ನಿನ ಲಿನೆಯಸ್ ಲೋಕದ ಗಿಡಗಳಿಗೆಲ್ಲ ಹೆಸರಿಡುವಾಗ ಅದನ್ನೇ ಉಳಿಸಿಕೊಂಡರು. ಬಿಳಿ ದಂಟಿನದ್ದು ಬಸೆಲ್ಲ ಆಲ್ಬ, ಕೆಂಪು ದಂಟಿನದ್ದು ಬಸೆಲ್ಲ ರೂಬ್ರ ಎಂದಾಯಿತು. ಎರಡೂ ಒಂದೇ ಜಾತಿ ಎಂಬುದು ಈಗಿನ ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ನಮ್ಮ ಅಜ್ಜಿಯಂದಿರಿಗೆ ಇದರಲ್ಲಿ ಸಂಶಯವೇ ಇರಲಿಲ್ಲ, ಎರಡನ್ನೂ ಒಂದೇ ಚಪ್ಪರಕ್ಕೆ ಹತ್ತಿಸುತ್ತಿದ್ದರು. ಹೀಗೆ ಬಚ್ಚಲ ಹಿಂದಿನ ಬಳ್ಳಿಯ ಹೆಸರು ಲೋಕದ ಶಾಸ್ತ್ರಗ್ರಂಥಗಳಲ್ಲೆಲ್ಲ ಹೆಚ್ಚುಕಡಿಮೆ ನಾವು ಕರೆಯುವಂತೆಯೇ ಇದೆ. ತಮಿಳರಿಗೆ ಇದು ಪಸಲೆ, ತೆಲುಗರಿಗೆ ಬಚ್ಚಲಿ, ನಮ್ಮ ಕೊಂಕಣಿಯವರಿಗೆ ವಾಳಿ, ಬಂಗಾಳಿಗಳಿಗೆ ಪುಯಿ. ಇಂಗ್ಲಿಷಿನವರು ಮಲಬಾರ್ ಸ್ಪಿನಾಚ್ ಎನ್ನುತ್ತಾರೆ. ಸ್ಪಿನಾಚಿಗೂ ಇದಕ್ಕೂ ಹತ್ತಿರದ ಸಂಬಂಧ ಇಲ್ಲ. ಸ್ಪಿನಾಚ್ ಚಳಿ ಬಯಸುವ ಗಿಡ, ಸೆಕೆ ಬಂದರೆ ಸೊಪ್ಪು ಬಿಡುವುದನ್ನು ನಿಲ್ಲಿಸಿ ಹೂ ಬಿಟ್ಟು ಮುಗಿಸುತ್ತದೆ. ಬಸಳೆಗೆ ಸೆಕೆಯೇ ಬೇಕು. ಮಾರ್ಚ್, ಏಪ್ರಿಲಿನಲ್ಲಿ ಉಳಿದ ಸೊಪ್ಪುಗಳೆಲ್ಲ ಒಣಗಿ ಕಡ್ಡಿಯಾಗುವಾಗ ಇದು ಬುಡಕ್ಕೆ ನೀರೊಂದು ಸಿಕ್ಕಿದರೆ ಚಪ್ಪರ ತುಂಬ ಹಬ್ಬುತ್ತದೆ. ದಪ್ಪ ಎಲೆಯಲ್ಲಿ ಲೋಳೆ, ಆ ಲೋಳೆಯಲ್ಲಿ ನೀರು. 100 ಗ್ರಾಂ ಸೊಪ್ಪಿನಲ್ಲಿ 93 ಗ್ರಾಂನಷ್ಟು ನೀರೇ ಇರುತ್ತದೆ.

ಇನ್ನು ನಮ್ಮ ಜಿಲ್ಲೆಯ ಕತೆ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ಮೂರು ಬಗೆಯಾಗಿ ವಿಂಗಡಿಸುವುದು, ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುವುದು ಹಿರಿಯರಿಗೆಲ್ಲ ಗೊತ್ತುಂಟು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕನ್ನಡ ಜಿಲ್ಲೆ ಕಂಪೆನಿ ಸರಕಾರದ ಕೈಗೆ ಹೋಯಿತು, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಸರಕಾರ ಬದಲಾದರೂ ಭೂಮಿಯ ಲೆಕ್ಕ ಬದಲಾಗಲಿಲ್ಲ. ಲೆಕ್ಕ ಎಂದರೆ ಅಕ್ಕಿಮುಡಿ. ಒಕ್ಕಲು ಧಣಿಗೆ ಗೇಣಿ ಅಳೆಯುವುದು ಅಕ್ಕಿಯಲ್ಲಿ. ಮಳೆ ಕೆಟ್ಟರೂ ಅಳೆಯಬೇಕು, ಮನೆಯಲ್ಲಿ ಕಾಯಿಲೆ ಇದ್ದರೂ ಅಳೆಯಬೇಕು. ಅಳೆದು ಉಳಿದದ್ದರಲ್ಲಿ ಮನೆಯ ಗಂಜಿ. ಆಷಾಢದ ಹೊತ್ತಿಗೆ ಅದೂ ಮುಗಿಯುತ್ತಿತ್ತು.

ಆ ದಿನಗಳಲ್ಲಿ ಬಸಳೆಯ ಬೆಲೆ ಏನೆಂಬುದನ್ನು ಇಲ್ಲಿಂದಲೇ ನೋಡಬೇಕು. ಹಬ್ಬಕ್ಕೆ ಬಾಳೆಗೊನೆ, ಸೌತೆಕಾಯಿ ಒಕ್ಕಲಿನ ಮನೆಯಿಂದ ಧಣಿಗಳ ಚಾವಡಿಗೆ ಹೋಗುತ್ತಿತ್ತು. ಬಸಳೆ ಹೋಗುತ್ತಿರಲಿಲ್ಲ. ಕೊಯ್ದ ಬಸಳೆ ಮರುದಿನಕ್ಕೆ ಬಾಡುತ್ತದೆ, ಅಟ್ಟದಲ್ಲಿ ಕಟ್ಟಿ ತೂಗಿಸಲಿಕ್ಕೆ ಸೌತೆ ಅಲ್ಲ, ಮುಡಿ ಕಟ್ಟಲಿಕ್ಕೆ ಅಕ್ಕಿ ಅಲ್ಲ. ಸಾಗಿಸಲಾಗದ, ಕೂಡಿಡಲಾಗದ ಈ ವಸ್ತುವನ್ನು ಗೇಣಿಯಾಗಿ ಕೇಳಿ ಪ್ರಯೋಜನವಿಲ್ಲ. ಆದುದರಿಂದ ಬಸಳೆ ಬೆಳೆದವರ ಮನೆಯಲ್ಲೇ ಉಳಿಯಿತು. ಅಳತೆಗೆ ಸಿಗದ್ದರಿಂದ ಬಡವರ ಪಾಲಿಗೆ ಸಿಕ್ಕಿತು ಎಂದು ನಾವು ಹೇಳುತ್ತೇವೆ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಯಾಗಿ ಉಳುವವನಿಗೇ ಭೂಮಿ ಬಂದ ಮೇಲೆ ಗೇಣಿಯ ಮುಡಿ ನಿಂತಿತು. ಅದಕ್ಕೂ ಮೊದಲು ತನ್ನದೆಂದು ಹೇಳಿಕೊಳ್ಳಲು ಒಕ್ಕಲಿನ ಹೆಂಗಸಿಗೆ ಇದ್ದದ್ದು ಅಂಗಳದ ಬದಿಯ ಆ ಚಪ್ಪರದ ನೆರಳಿನಷ್ಟೇ ಜಾಗ.

ಚಪ್ಪರದ ಕೆಲಸ ಪೂರ್ತಿ ಹೆಂಗಸರದ್ದು. ಕಂಬ ಹುಗಿದು ಮೇಲೆ ಅಡಿಕೆ ಸಲಾಕೆ, ಬಿದಿರು ಹಾಸಿಕೊಡುವುದು ಮಾತ್ರ ಗಂಡಸರು, ಅದೂ ನಾಲ್ಕು ಸಲ ಹೇಳಿದ ಮೇಲೆ. ಮಳೆ ಬಿಟ್ಟು ನೆಲ ಆರುವಾಗ ನೆರೆಮನೆಯಿಂದ ಬಲಿತ ಬಳ್ಳಿಯ ತುಂಡು ತರುವುದು. ಒಂದು ಅಡಿ ಉದ್ದ, ಮೂರು ನಾಲ್ಕು ಗಂಟು ಇರಬೇಕು, ಎರಡು ಗಂಟು ಮಣ್ಣಿನೊಳಗೆ ಹೋಗಬೇಕು. ಗುಂಡಿಗೆ ಹಟ್ಟಿಗೊಬ್ಬರ, ಸುಡುಮಣ್ಣು, ಒಂದಿಷ್ಟು ಒಲೆಯ ಬೂದಿ. ಬೀಜದಿಂದಲೂ ಆಗುತ್ತದೆ, ಆದರೆ ನಿಧಾನ. ಕಪ್ಪಗೆ ಹಣ್ಣಾದ ಬೀಜವನ್ನು ಮಕ್ಕಳು ಜಜ್ಜಿ ಕೈಗೆ, ಅಂಗಿಗೆ ಬಣ್ಣ ಮಾಡಿಕೊಂಡು ಪೆಟ್ಟು ತಿನ್ನುವುದೇ ಹೆಚ್ಚು. ಬಳ್ಳಿಯ ತುಂಡಿಗೆ ಯಾರೂ ಹಣ ಕೇಳುತ್ತಿರಲಿಲ್ಲ, ಕೊಡುತ್ತಲೂ ಇರಲಿಲ್ಲ. ಇವತ್ತು ನಿಮ್ಮ ಚಪ್ಪರ ಸತ್ತರೆ ನಾಳೆ ನೀವು ಕೊಟ್ಟವರ ಮನೆಯಿಂದಲೇ ತಿರುಗಿ ತರಬಹುದು. ಕಾಯ್ದೆ, ಬೈಲಾ ಯಾವುದೂ ಇಲ್ಲದೆ ನಡೆದ ಸಹಕಾರ ಇದು.

ನೀರಿನ ವ್ಯವಸ್ಥೆಯನ್ನು ವಿಶೇಷವಾಗಿ ಹೇಳಬೇಕು. ಬಸಳೆಗೆಂದು ಬಾವಿಯಿಂದ ನೀರು ಸೇದಿದವರು ಕಡಿಮೆ. ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಮೀನು ತಿನ್ನುವವರ ಮನೆಯಲ್ಲಿ ಮೀನು ತೊಳೆದ ನೀರು, ಎಲ್ಲವೂ ಹರಿದು ಹೋಗಿ ಸೇರುವುದು ಅದರ ಬುಡಕ್ಕೆ. ಒಂದೂವರೆ, ಎರಡು ತಿಂಗಳಲ್ಲಿ ಕೊಯ್ಯಲು ಸಿಗುತ್ತದೆ, ಕೊಯ್ದಷ್ಟೂ ಚಿಗುರುತ್ತದೆ. ಜೋರು ಮಳೆ ಹಿಡಿದ ಮೇಲೆ ಎಲೆಗೆ ಕೆಂಪಂಚಿನ ಚುಕ್ಕಿ ಬೀಳುತ್ತದೆ, ಬುಡ ಕೊಳೆಯುತ್ತದೆ. ಅಲ್ಲಿಗೆ ಆ ವರ್ಷದ್ದು ಮುಗಿಯಿತು. ಒಂದು ಬುಡವನ್ನಾದರೂ ಮಾಡಿನ ಅಡಿಯಲ್ಲಿ ಉಳಿಸಿಕೊಳ್ಳುವುದು ಜಾಣೆಯ ಲಕ್ಷಣ.

ಅಡಿಗೆಯ ವಿಷಯಕ್ಕೆ ಬಂದರೆ ಜಾತಿಗೊಂದು, ಮನೆಗೊಂದು ಕ್ರಮ. ಹುರಿದ ಮೆಣಸು, ಕೊತ್ತಂಬರಿ, ತೆಂಗಿನಕಾಯಿ, ಹುಣಿಸೆಹುಳಿ ಅರೆದು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟದ್ದು ಕುಚ್ಚಲಕ್ಕಿ ಗಂಜಿಗೆ. ತೊಗರಿಬೇಳೆ ಹಾಕಿ ನೀರುಳ್ಳಿ ಒಗ್ಗರಣೆ ಕೊಟ್ಟರೆ ಕೊಂಕಣಿಯವರ ವಾಳಿ ಅಂಬಟ್. ಎಟ್ಟಿ ಹಾಕಿದ್ದು, ಮರುವಾಯಿ ಹಾಕಿದ್ದು, ಹಲಸಿನ ಬೇಳೆ ಹಾಕಿದ್ದು, ಅಲಸಂಡೆ ಬೀಜ ಹಾಕಿದ್ದು. ಇವೆಲ್ಲಕ್ಕಿಂತ ಮೇಲೆಂದು ನಮ್ಮ ಮತ ಬಸಳೆ ಪುಂಡಿಗೆ. ಅಕ್ಕಿಹಿಟ್ಟಿನ ಸಣ್ಣ ಉಂಡೆ ಬೇಯಿಸಿ ಬಸಳೆಯ ಗಸಿಯಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ತಿಂದವರಿಗೆ ಮಧ್ಯಾಹ್ನದವರೆಗೆ ಬೇರೇನೂ ಬೇಡ. ದಂಟನ್ನು ಬಿಸಾಡುವುದು ಪೇಟೆಯವರ ಕ್ರಮ. ನಮ್ಮಲ್ಲಿ ದಂಟೇ ಮೊದಲು ಪಾತ್ರೆಗೆ ಹೋಗುವುದು, ಅರ್ಧ ಬೆಂದ ಮೇಲೆ ಎಲೆ. ಹುಳಿ ಸರಿಯಾಗಿ ಬಿದ್ದರೆ ಲೋಳೆಯ ತಕರಾರು ಇರುವುದಿಲ್ಲ. ಎ ಮತ್ತು ಸಿ ಜೀವಸತ್ವಗಳು, ಸುಣ್ಣದಂಶ, ಕಬ್ಬಿಣದಂಶ ಇದರಲ್ಲಿ ಇವೆ. ಮೂತ್ರಕೋಶದಲ್ಲಿ ಕಲ್ಲಿನ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಮಿತವಾಗಿ ತಿನ್ನುವುದು ಒಳ್ಳೆಯದು, ಆಕ್ಸಲೇಟ್ ಎಂಬ ಅಂಶ ಇದರಲ್ಲಿ ಹೆಚ್ಚು.

ಸಹಕಾರ ಚಳವಳಿಯ ಮಾತಿಲ್ಲದೆ ಈ ಸಂಚಿಕೆಯಲ್ಲಿ ಲೇಖನ ಆಗಲಿಕ್ಕಿಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗದ ಬಳಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಜಿಲ್ಲೆಯಲ್ಲಿ ಪುತ್ತೂರಿನ ಮೊಳಹಳ್ಳಿ ಶಿವರಾಯರು ಊರೂರು ತಿರುಗಿ ಈ ಬೀಜ ಬಿತ್ತಿದರು. ಸಾಹುಕಾರರ ಬಡ್ಡಿಯಿಂದ ರೈತನನ್ನು ಬಿಡಿಸಿದ ಪುಣ್ಯ ಆ ಹಿರಿಯರದು. ಆದರೆ ಸಾಲದ ಅರ್ಜಿಯ ಕ್ರಮ ನೋಡಿ. ಸರ್ವೆ ನಂಬರ್ ಎಷ್ಟು, ಬೆಳೆ ಯಾವುದು, ಎಷ್ಟು ಎಕರೆ, ಮಾರಾಟ ಎಲ್ಲಿ? ಬಸಳೆಗೆ ಸರ್ವೆ ನಂಬರ್ ಇಲ್ಲ, ಎಕರೆ ಇಲ್ಲ, ಮಾರಾಟ ಇಲ್ಲ. ಅದಕ್ಕೆ ಸಾಲವೂ ಬೇಡ, ಆದುದರಿಂದ ವಸೂಲಿಯೂ ಇಲ್ಲ, ಹೆಸರೂ ಇಲ್ಲ.

2003ರ ಸುಮಾರಿಗೆ ವೆನಿಲ್ಲಾ ಎಂಬ ಇನ್ನೊಂದು ಬಳ್ಳಿಯ ಹುಚ್ಚು ಈ ಜಿಲ್ಲೆಗೆ ಹಿಡಿದದ್ದು ಯಾರೂ ಮರೆತಿರಲಿಕ್ಕಿಲ್ಲ. ಒಂದೊಂದು ಹೂವಿಗೂ ಕಡ್ಡಿ ಹಿಡಿದು ಕೈಯಿಂದ ಪರಾಗಸ್ಪರ್ಶ ಮಾಡಬೇಕು, ಕೋಡು ಬಲಿಯುವಾಗ ರಾತ್ರಿ ಕಾವಲು ಕೂರಬೇಕು. ಒಂದೆರಡು ವರ್ಷದಲ್ಲಿ ದರ ನೆಲಕ್ಕೆ ಬಿತ್ತು, ಬಳ್ಳಿಯನ್ನು ಕಿತ್ತು ಗೊಬ್ಬರಕ್ಕೆ ಹಾಕಿದರು. ಆ ಬಳ್ಳಿಯ ಹೆಸರು ಲೆಕ್ಕಪುಸ್ತಕಗಳಲ್ಲಿ ಉಂಟು. ಅದೇ ಹೊತ್ತಿಗೆ ಬಚ್ಚಲ ಹಿಂದೆ ಕಾವಲಿಲ್ಲದೆ ಬೆಳೆದ ಬಳ್ಳಿಯ ಹೆಸರು ಇಲ್ಲ.

ಈಗ ಚಪ್ಪರಗಳು ಕಡಿಮೆಯಾಗಿವೆ. ಹೆಂಗಸರಿಗೆ ಉದಾಸೀನ ಬಂದಿದೆ ಎಂದು ಕಟ್ಟೆಯಲ್ಲಿ ಕುಳಿತು ಹೇಳುವುದು ಸುಲಭ. ನಾವು ನೋಡಿದ ಮಟ್ಟಿಗೆ ಕಾರಣ ಬೇರೆ. ಬಚ್ಚಲು ಮನೆಯೊಳಗೆ ಬಂತು, ಅದರ ನೀರು ಪೈಪಿನಲ್ಲಿ ಇಂಗುಗುಂಡಿಗೆ ಹೋಯಿತು. ಅಂಗಳಕ್ಕೆ ಇಂಟರ್‌ಲಾಕ್ ಬಂತು. ಹಟ್ಟಿ ಖಾಲಿಯಾಗಿ ಗೊಬ್ಬರವೂ ಇಲ್ಲ. ಗ್ಯಾಸ್ ಬಂದು ಬೂದಿಯೂ ಇಲ್ಲ. ಉಳಿದದ್ದನ್ನು ಮಂಗ, ನವಿಲುಗಳು ನೋಡಿಕೊಳ್ಳುತ್ತವೆ. ಗದ್ದೆ ಹೋಗಿ ಅಡಿಕೆ, ರಬ್ಬರ್ ಆದ ಮೇಲೆ ಕೊಳಕೆಯ ಕಾಲದ ತರಕಾರಿಯೂ ನಿಂತಿತು. ನಮ್ಮ ಊಟದ ತರಕಾರಿ ಈಗ ಘಟ್ಟ ಇಳಿದು ಲಾರಿಯಲ್ಲಿ ಬರುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾದ ಲಾಕ್‌ಡೌನ್ ಆಗಿ ಪೇಟೆ ಮುಚ್ಚಿದಾಗ ಏನಾಯಿತು, ನೆನಪಿದೆಯಲ್ಲ? ಚಪ್ಪರ ಇದ್ದ ಮನೆಗೆ ಬೇಲಿಯಾಚೆಯಿಂದ ನಾಲ್ಕು ಮನೆಯವರು ಕೂಗಿ ಕೇಳಿದರು. ಅದು ಬಸಳೆಯ ಕಾಲವೂ ಆಗಿತ್ತು, ಪುಣ್ಯ. ಆ ವರ್ಷ ಎಷ್ಟೋ ಅಂಗಳದಲ್ಲಿ ಹೊಸ ಚಪ್ಪರ ಎದ್ದಿತು. ಮರುವರ್ಷಗಳಲ್ಲಿ ಮತ್ತೆ ಕಂಬ ಮಾತ್ರ ಉಳಿಯಿತು.

ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಸಳೆಗೆ ಅದೆಲ್ಲ ಬೇಕೆಂದು ನಾವು ಹೇಳುವುದಿಲ್ಲ, ಎಲ್ಲ ಊರಲ್ಲೂ ಬೆಳೆಯುವುದಕ್ಕೆ ಯಾವ ಊರಿನ ಗುರುತು? ನಮ್ಮ ಸೂಚನೆ ಸಣ್ಣದು, ಮಹಾಸಭೆಯಲ್ಲಿ ಸದಸ್ಯರು ಚರ್ಚಿಸಬಹುದು. ಪಡಿತರ, ಗೊಬ್ಬರ ಕೊಡುವ ಸಂಘದ ಕಟ್ಟಡದಲ್ಲಿ ವಾರಕ್ಕೆರಡು ದಿನ ಒಂದು ಮೇಜು ಸದಸ್ಯರ ಮನೆಯ ಸೊಪ್ಪಿಗೆ ಇರಲಿ. ಕಟ್ಟು ಕೊಟ್ಟವರ ಹೆಸರು, ಸಿಕ್ಕಿದ ಹಣ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ, ಹೆಂಗಸರ ಹೆಸರಿನಲ್ಲಿಯೇ ಬರೆಯಲಿ. ಸೊಪ್ಪು ಬಾಡಿದರೆ ನಷ್ಟ ಯಾರಿಗೆ ಎಂದು ಕೆಲವು ನಿರ್ದೇಶಕರು ಕೇಳಿಯಾರು, ಕೇಳಬೇಕಾದ ಪ್ರಶ್ನೆಯೇ. ಸಂಜೆ ಕೊಯ್ದು, ದಂಟಿನ ತುದಿ ನೀರಿನಲ್ಲಿ ಮುಳುಗುವಂತೆ ಬಾಲ್ದಿಯಲ್ಲಿ ನಿಲ್ಲಿಸಿ, ಮೇಲೆ ಒದ್ದೆ ಗೋಣಿ ಹೊದಿಸಿಟ್ಟರೆ ಮರುದಿನ ಮಧ್ಯಾಹ್ನದವರೆಗೆ ಬಸಳೆ ಬಾಡುವುದಿಲ್ಲ. ಮಾರಾಟವಾಗದೆ ಉಳಿದದ್ದರ ಎಲೆ ಶಾಲೆಯ ಬಿಸಿಯೂಟಕ್ಕೆ ಹೋಗಲಿ, ಬಲಿತ ದಂಟನ್ನು ಬೇಕಾದವರು ನೆಡಲಿಕ್ಕೆ ಒಯ್ಯಲಿ. ಅದಕ್ಕೆ ಮಾತ್ರ ಹಣ ಬರೆಯುವುದು ಬೇಡ.