ಕೈಗುಣದ ಬೀಳ್ಕೊಡುಗೆ

ಪುತ್ತೂರು, ಸುಳ್ಯ, ಕಡಬದ ಕಡೆ ವೈದ್ಯರನ್ನು ಹೊಗಳಲು ಒಂದು ಮಾತು ಸಾಕು: ‘ಅವರ ಕೈಗುಣ ಒಳ್ಳೆಯದು.’ ಓದು, ಪದವಿ, ಯಂತ್ರ ಯಾವುದೂ ಈ ಮಾತಿನ ಎತ್ತರಕ್ಕೆ ಬರುವುದಿಲ್ಲ. ವೈದ್ಯರು ನಿವೃತ್ತರಾಗುವ ದಿನ ವೇದಿಕೆಯಲ್ಲಿ ಮತ್ತೆ ಮತ್ತೆ ಕೇಳಿಸುವುದೂ ಇದೇ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಸನ್ಮಾನಪತ್ರ. ಕೊನೆಗೆ ‘ಇಂಥವರು ಇನ್ನು ಸಿಗಲಿಕ್ಕಿಲ್ಲ’ ಎಂಬ ನಿಟ್ಟುಸಿರು. ಊರಿನ ಋಣಭಾವ ಅದರಲ್ಲಿ ಪ್ರಾಮಾಣಿಕವಾಗಿಯೇ ಇದೆ. ಆದರೆ ನಿವೃತ್ತರಾಗುತ್ತಿರುವವರು ತುರ್ತು ಚಿಕಿತ್ಸೆಯ ವೈದ್ಯರಾಗಿದ್ದರೆ, ಅದರಲ್ಲೂ ಹತ್ತಾರು ಕಿರಿಯರಿಗೆ ಆ ವಿದ್ಯೆ ಕಲಿಸಿದ ಗುರುವಾಗಿದ್ದರೆ, ಈ ಹೊಗಳಿಕೆ ಅವರ ಕೆಲಸಕ್ಕೆ ಹೊಂದುವುದಿಲ್ಲ ಎಂಬುದು ನನ್ನ ವಾದ. ಕೈಗುಣ ಒಬ್ಬರ ಜೊತೆ ಬಂದು ಅವರ ಜೊತೆಗೇ ಹೋಗುತ್ತದೆ. ತುರ್ತು ಚಿಕಿತ್ಸೆ ಎಂಬ ಕಸುಬು ಹುಟ್ಟಿದ್ದೇ ಆ ಗುಣವನ್ನು ಯಾರ ಕೈಗಾದರೂ ದಾಟಿಸಬಹುದಾದ ಕ್ರಮವನ್ನಾಗಿ ಮಾಡಲು. ಈ ಮೂರು ತಾಲೂಕುಗಳ ವೈದ್ಯದ ಚರಿತ್ರೆಯನ್ನು ನೋಡಿದರೆ ಆ ದಾಟುವಿಕೆ ಎಷ್ಟು ಕಷ್ಟದ್ದಾಗಿತ್ತು ಎಂದು ತಿಳಿಯುತ್ತದೆ.

ಈ ಸೀಮೆಯ ಅತಿ ಹಳೆಯ ವೈದ್ಯನೆನಪು ಒಬ್ಬ ಹೆಂಗಸಿನದು. ಪುತ್ತೂರು ತಾಲೂಕಿನ ಪಡುಮಲೆಯ ಬಲ್ಲಾಳನ ಕಾಲಿಗೆ ಮುಳ್ಳು ನಟ್ಟು ನಂಜೇರುತ್ತದೆ. ಬಂದ ವೈದ್ಯರೆಲ್ಲ ಸೋಲುತ್ತಾರೆ. ಕೊನೆಗೆ ತುಂಬು ಬಸುರಿ ದೇಯಿ ಬೈದೆತಿಯನ್ನು ಕರೆಸುತ್ತಾರೆ; ಆಕೆಯ ಮದ್ದಿನಿಂದ ಬಲ್ಲಾಳ ಬದುಕುತ್ತಾನೆ. ತುಳು ಪಾಡ್ದನದಲ್ಲಿ ಪಾಠಾಂತರಗಳಿದ್ದರೂ ಕಥೆಯ ಈ ಭಾಗ ಅಲುಗುವುದಿಲ್ಲ. ಆಕೆ ಹೆತ್ತ ಅವಳಿಗಳೇ ವೀರರಾದ ಕೋಟಿ ಮತ್ತು ಚೆನ್ನಯ. ಹೆತ್ತ ಸ್ವಲ್ಪ ಕಾಲದಲ್ಲೇ ದೇಯಿ ತೀರಿಕೊಳ್ಳುತ್ತಾಳೆ. ಜೀವ ಉಳಿಸಿದ್ದಕ್ಕೆ ಕೊಟ್ಟ ಮಾತನ್ನು ಬಲ್ಲಾಳ ಉಳಿಸಿಕೊಳ್ಳದಿರುವುದು ಮುಂದೆ ಆ ವೀರರ ಕಥೆಗೇ ತಿರುವು ಕೊಡುತ್ತದೆ. ವೈದ್ಯರ ಋಣ ತೀರಿಸದಿದ್ದರೆ ನಾಡಿಗೆ ಕೇಡು ಎಂಬ ಎಚ್ಚರವನ್ನು ತುಳುವರು ಇಷ್ಟು ಗಟ್ಟಿಯಾಗಿ ಹಾಡಿಟ್ಟಿದ್ದಾರೆ. ಇಂದು ಪಡುಮಲೆಯ ಬಳಿ ಆಕೆಯ ಹೆಸರಿನ ಔಷಧಿ ವನವೂ ಇದೆ. ಆದರೂ ಹಾಡಿನಲ್ಲಿ ಉಳಿದಿರುವುದು ಆಕೆಯ ಕೈಯ ಮಹಿಮೆ. ಯಾವ ಸೊಪ್ಪು, ಎಷ್ಟು ದಿನ, ಯಾವ ನಂಜಿಗೆ ಅದು ನಾಟುವುದಿಲ್ಲ ಎಂದು ಹೇಳುವುದು ಪಾಡ್ದನದ ಕೆಲಸವಲ್ಲ. ನಾಟಿ ವೈದ್ಯದಲ್ಲೂ ಮದ್ದಿನ ಗುಟ್ಟು ಮನೆಯೊಳಗೇ ಉಳಿಯುತ್ತಿತ್ತು. ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆ ಎಂಬ ನಂಬಿಕೆ ಇತ್ತು. ಆ ಮನೆಯಲ್ಲಿ ಕಲಿಯುವವರು ಇಲ್ಲದಿದ್ದರೆ ವಿದ್ಯೆ ಅಲ್ಲಿಗೇ ಮುಗಿಯಿತು.

ಇಂಗ್ಲಿಷ್ ಮದ್ದು ಬಂದ ಮೇಲೂ ಈ ಒಂಟಿತನ ಬದಲಾಗಲಿಲ್ಲ. 1956ರವರೆಗೆ ಈ ಪ್ರದೇಶ ಮದ್ರಾಸಿಗೆ ಸೇರಿತ್ತು. ಹಳ್ಳಿಯಲ್ಲಿ ನೆಲೆಸಿ ವೈದ್ಯ ಮಾಡುವವರಿಗೆ ಸಹಾಯಧನ ಕೊಡುವ ಯೋಜನೆಯನ್ನು ಮದ್ರಾಸ್ ಸರ್ಕಾರ 1924ರಲ್ಲಿ ತಂದಿತು. ಎಲ್‌ಎಂಪಿ ಓದಿದ ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರು, ಕೆಂಪು ನೀರಿನ ಬಾಟಲಿಗಳು: ಇಷ್ಟೇ ಆಸ್ಪತ್ರೆ. ದೊಡ್ಡ ಆಸ್ಪತ್ರೆಯೆಂದರೆ 1848ರಷ್ಟು ಹಳೆಯ ಮಂಗಳೂರಿನ ವೆನ್ಲಾಕ್. ಪುತ್ತೂರಿನಿಂದ ಅಲ್ಲಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು, ಸುಳ್ಯದಿಂದ ಎಂಬತ್ತಕ್ಕೂ ಹೆಚ್ಚು, ಸುಬ್ರಹ್ಮಣ್ಯದಿಂದ ನೂರರ ಹತ್ತಿರ. ನಡುವೆ ನೇತ್ರಾವತಿ, ಕುಮಾರಧಾರಾ, ಪಯಸ್ವಿನಿ, ಇವುಗಳ ಜೊತೆಗೆ ಹೆಸರಿಲ್ಲದ ಎಷ್ಟೋ ಹಳ್ಳಗಳು. ಮಳೆಗಾಲದಲ್ಲಿ ಕಾಲುಸಂಕ ಮುಳುಗಿದರೆ ಆಚೆ ದಡದ ರೋಗಿ ಆಚೆಯೇ ಉಳಿಯಬೇಕು. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ ತೂಗುಸೇತುವೆಯನ್ನು, ಅವರು ಮುಂದೆ ಕಟ್ಟಿದ ನೂರಕ್ಕೂ ಮಿಕ್ಕಿದ ಸೇತುವೆಗಳನ್ನು ನಾವು ಎಂಜಿನಿಯರಿಂಗಿನ ಚರಿತ್ರೆಯಲ್ಲಿ ಓದುತ್ತೇವೆ. 2017ರ ಪದ್ಮಶ್ರೀ ಬಂದದ್ದೂ ಅದಕ್ಕೇ. ತುರ್ತು ಚಿಕಿತ್ಸೆಯ ಚರಿತ್ರೆಯಲ್ಲೂ ಅವುಗಳಿಗೆ ಜಾಗ ಸಲ್ಲಬೇಕು. ಹೆರಿಗೆ ನೋವಿನ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುವವರಿಗೆ ಹೊಳೆ ದಾಟುವ ದಾರಿ ಇದ್ದರೆ ತಾನೆ ಡಾಕ್ಟರ ಕೈಗುಣದ ಮಾತು?

ಸಂಕಟ ಬಂದಾಗ ಕೈಗುಣ ಸಾಲದು ಎಂದು ಜಗತ್ತು ಅರಿತದ್ದು ಬಹಳ ತಡವಾಗಿ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೆ ಗಾಯಾಳುಗಳ ದರ್ಜೆಯನ್ನು ಬದಿಗಿಟ್ಟು ಗಾಯದ ತೀವ್ರತೆ ನೋಡಿ ಸರದಿ ಮಾಡಿದ. ಕುದುರೆಗಾಡಿಯನ್ನೇ ಆಂಬುಲೆನ್ಸ್ ಮಾಡಿದ. ಅಮೆರಿಕದಲ್ಲಿ ಪೀಟರ್ ಸಫಾರ್ 1950ರ ದಶಕದಲ್ಲಿ ಉಸಿರು ನಿಂತವರನ್ನು ಉಳಿಸುವ ಕ್ರಮವನ್ನು ಎ, ಬಿ, ಸಿ ಎಂದು ಅಕ್ಷರಮಾಲೆಯಷ್ಟು ಸರಳ ಮಾಡಿದರು: ಮೊದಲು ಶ್ವಾಸದ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ. ನಮ್ಮ ಹಳ್ಳಿಗಳಿಗೆ ಎಲ್ಲಕ್ಕಿಂತ ಹತ್ತಿರದ ಕಥೆ 1976ರದು. ಮೂಳೆ ಶಸ್ತ್ರವೈದ್ಯ ಜೇಮ್ಸ್ ಸ್ಟೈನರ್ ತಾನೇ ಹಾರಿಸುತ್ತಿದ್ದ ಸಣ್ಣ ವಿಮಾನ ನೆಬ್ರಾಸ್ಕಾದ ಹೊಲವೊಂದರಲ್ಲಿ ಬಿತ್ತು. ಹೆಂಡತಿ ಸತ್ತರು, ಮಕ್ಕಳಿಗೆ ತೀವ್ರ ಗಾಯವಾಯಿತು. ಹತ್ತಿರದ ಹಳ್ಳಿ ಆಸ್ಪತ್ರೆಯಲ್ಲಿ ಆದ ಆರೈಕೆಯನ್ನು ಕಂಡ ಅವರಿಗೆ ಅಲ್ಲಿಯ ವೈದ್ಯರ ಮನಸ್ಸಿನಲ್ಲಿ ಕೊರತೆ ಕಾಣಲಿಲ್ಲ, ಕ್ರಮದಲ್ಲಿ ಕಂಡಿತು. ಎರಡೇ ವರ್ಷದಲ್ಲಿ, ಅಪಘಾತದ ರೋಗಿಯನ್ನು ಮೊದಲು ಮುಟ್ಟುವ ಯಾವ ವೈದ್ಯರಾದರೂ ಅನುಸರಿಸಬಹುದಾದ ಪಾಠವನ್ನು ಅವರು ಮತ್ತು ಸಂಗಡಿಗರು ರೂಪಿಸಿದರು. ಇಂದು ಜಗತ್ತಿನಾದ್ಯಂತ ಅದನ್ನು ಕಲಿಸುತ್ತಾರೆ. ಭಾರತದಲ್ಲಿ ತುರ್ತು ಚಿಕಿತ್ಸೆ ಪ್ರತ್ಯೇಕ ಸ್ನಾತಕೋತ್ತರ ವಿಷಯವೆಂದು ವೈದ್ಯಕೀಯ ಮಂಡಳಿಯ ಮನ್ನಣೆ ಪಡೆದದ್ದು 2009ರಲ್ಲಿ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡಲು ತೊಡಗಿದ್ದು 2008ರ ನವೆಂಬರ್ 1ರಂದು. ಹಾಗಾಗಿ ಈಗ ನಿವೃತ್ತರಾಗುತ್ತಿರುವ ತಲೆಮಾರಿನ ತುರ್ತು ವೈದ್ಯರಲ್ಲಿ ಬಹುಪಾಲು ಜನ ತಮ್ಮ ವಿಷಯಕ್ಕೆ ಹೆಸರೇ ಇಲ್ಲದಿದ್ದಾಗ ಕ್ಯಾಶುವಲ್ಟಿಯಲ್ಲಿ ನಿಂತು ಅದನ್ನು ಕಟ್ಟಿದವರು. ತಾವು ಕಲಿಯದ ಪಾಠವನ್ನು ಮುಂದಿನವರಿಗೆ ಕಲಿಸಿದವರು ಎಂಬ ಕಾರಣಕ್ಕೇ ಅವರಿಗೆ ನಮ್ಮ ಋಣ ದೊಡ್ಡದು.

ಈ ಕ್ರಮ ಎಂಬುದು ಹೇಗಿರುತ್ತದೆ ಎಂಬುದಕ್ಕೆ ಹಾವು ಕಡಿತವನ್ನೇ ನೋಡಬಹುದು. ಅಡಿಕೆ ತೋಟದ ಕಣಿ ಬದಿಯಲ್ಲಿ ಸೊಪ್ಪು ಕೊಯ್ಯುವಾಗ, ಬಿದ್ದ ಅಡಿಕೆ ಹೆಕ್ಕುವಾಗ ಕಡಿಸಿಕೊಳ್ಳುವವರು ಈ ತಾಲೂಕುಗಳಲ್ಲಿ ಹೊಸಬರಲ್ಲ. ಹಾವು ಯಾವುದೆಂದು ಯಾರೂ ನೋಡಿರುವುದಿಲ್ಲ. ಆಗ ಎರಡು ಮಿಲಿಲೀಟರ್ ರಕ್ತ ತೆಗೆದು ಸ್ವಚ್ಛವಾದ, ಒಣಗಿದ ಗಾಜಿನ ನಳಿಗೆಗೆ ಹಾಕಿ ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಡಬೇಕು. ಗಡಿಯಾರ ನೋಡಿ ನಳಿಗೆಯನ್ನು ಒಮ್ಮೆ ಮಾತ್ರ ವಾಲಿಸಬೇಕು. ರಕ್ತ ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ಸಮಾಧಾನ, ಆದರೂ ಮತ್ತೆ ನೋಡಬೇಕು. ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ, ಪ್ರತಿವಿಷ ಶುರು ಮಾಡಲೇಬೇಕು. ಕಟ್ಟುಹಾವಾದರೆ ಕಡಿದ ಜಾಗದಲ್ಲಿ ನೋವೂ ಇರದೆ ರೆಪ್ಪೆ ಜೋಲುತ್ತದೆ. ಆಗ ಪ್ರತಿವಿಷದಷ್ಟೇ ಮುಖ್ಯ, ಉಸಿರಿನ ಚೀಲ ಒತ್ತುತ್ತಾ ಕೂರುವ ಎರಡು ಕೈಗಳು. ಇದರಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಡ. ಪರೀಕ್ಷೆಯ ನಳಿಗೆಯನ್ನು ಸಾಬೂನಿನಲ್ಲಿ ತೊಳೆದಿದ್ದರೆ ಫಲಿತಾಂಶ ಕೆಡುತ್ತದೆ ಎಂದು ರಾತ್ರಿ ಪಾಳಿಯ ಸಿಸ್ಟರಿಗೆ ಯಾರೋ ಒಬ್ಬರು ಹೇಳಿಕೊಟ್ಟಿರಬೇಕು, ಅಷ್ಟೇ. ಅದನ್ನು ಹೇಳಿಕೊಟ್ಟವರು ಆ ಹೊತ್ತಿಗೆ ಮನೆಯಲ್ಲಿ ನಿದ್ರಿಸುತ್ತಿರಬಹುದು, ನಿವೃತ್ತರಾಗಿರಬಹುದು. ರೋಗಿ ಬದುಕುವುದು ಅವರಿಂದಲೇ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ಕಡೆಗಣಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಕರ್ನಾಟಕ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಕಾಗದದ ಈ ಮನ್ನಣೆಗಿಂತ ಬಹಳ ಮೊದಲೇ ಇಲ್ಲಿಯ ವಾರ್ಡುಗಳಲ್ಲಿ ಆ ಪಾಠ ನಡೆದಿತ್ತು.

ಹೃದಯಾಘಾತದ್ದೂ ಇದೇ ದಾರಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಶುರು ಮಾಡಿದ ‘ಮನೆ ಬಾಗಿಲಿಗೆ ಹೃದ್ರೋಗ ಚಿಕಿತ್ಸೆ’ ಎಂಬ ಕಲ್ಪನೆಯ ವಾಟ್ಸ್‌ಆ್ಯಪ್ ಬಳಗ ಮತ್ತು ಹಳ್ಳಿಯ ವೈದ್ಯರಿಗೆ ಕೊಡಿಸಿದ ಇಸಿಜಿ ಯಂತ್ರಗಳು ಮಾಡಿದ್ದು ಏನು? ತಜ್ಞರ ಕಣ್ಣನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಎರವಲು ಕೊಟ್ಟದ್ದು. ಎದೆ ಉರಿಯನ್ನು ಗ್ಯಾಸ್ ಎಂದು ತಿಳಿದು ಬಂದವರ ಇಸಿಜಿ ಪಟ್ಟಿಯ ಫೋಟೋ ನಿಮಿಷಗಳಲ್ಲಿ ಮಂಗಳೂರಿಗೆ ಹೋಗಿ ಉತ್ತರ ಬರುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ಸಿಗುವುದಕ್ಕೂ ಇದೇ ತರ್ಕ ಆಧಾರ. ಒಬ್ಬರ ಕೈಗುಣ ನೂರು ಮೈಲಿ ದೂರದಲ್ಲಿ ಕೆಲಸ ಮಾಡಬೇಕಾದರೆ ಅದು ಅವರ ಕೈಯನ್ನು ಬಿಟ್ಟು ಹೊರಡಬೇಕು.

ಈ ವಾದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಕೈಗುಣವೆಂದರೆ ನಂಬಿಕೆ, ನಂಬಿಕೆಯಿಲ್ಲದೆ ರೋಗಿ ಆಸ್ಪತ್ರೆಯ ಮೆಟ್ಟಿಲೇ ಹತ್ತುವುದಿಲ್ಲ, ಮಂತ್ರ ಹಾಕುವವರ ಮನೆಗೆ ಹೋಗಿ ಹೊತ್ತು ಕಳೆಯುತ್ತಾನೆ ಎನ್ನುವವರಿದ್ದಾರೆ. ನಿಜ. ಊರಿನ ಒಬ್ಬ ಡಾಕ್ಟರ ಹೆಸರು ಕೇಳಿಯೇ ಹಾವು ಕಡಿದವರನ್ನು ನೇರ ಆಸ್ಪತ್ರೆಗೆ ತರುವ ಕುಟುಂಬಗಳಿವೆ. ಆದರೆ ಆ ಡಾಕ್ಟರು ರಜೆಯಲ್ಲಿದ್ದ ರಾತ್ರಿ ಏನು? ಹೆಸರಿನ ಮೇಲೆ ನಿಂತ ನಂಬಿಕೆಯನ್ನು ಜಾಗದ ಮೇಲೆ ನಿಲ್ಲಿಸುವುದು ಗುರುವಾದವರ ಎರಡನೇ ಕೆಲಸ; ‘ಅವರಿಲ್ಲದಿದ್ದರೂ ಅಲ್ಲಿ ನೋಡುತ್ತಾರೆ’ ಎಂದು ಜನ ಹೇಳುವಂತಾದರೆ ಅವರು ಗೆದ್ದರು. ಬರೆದಿಟ್ಟ ಕ್ರಮ ಎಲ್ಲ ಕಡೆ ನಡೆಯದು, ಅನುಭವವೇ ಬೇಕು ಎನ್ನುವುದು ಇನ್ನೊಂದು ವಾದ. ಇದಕ್ಕೆ ಘಟ್ಟದ ಕೆಳಗಿನ ನಮ್ಮ ಪ್ರದೇಶವೇ ಸಾಕ್ಷಿ. ಮೂಗು ಮೇಲಕ್ಕೆ ಉಬ್ಬಿದ, ಒಣ ಎಲೆಯ ಬಣ್ಣದ ಚಿಕ್ಕ ಗುಳಿಮಂಡಲ ಕಡಿದರೆ ಮೂತ್ರಪಿಂಡಕ್ಕೇ ಹೊಡೆತ ಬೀಳಬಹುದು, ಆದರೆ ದೇಶದಲ್ಲಿ ಸಿಗುವ ಪ್ರತಿವಿಷ ಅದರ ವಿಷಕ್ಕೆ ತಯಾರಾದದ್ದಲ್ಲ. ಕ್ರಮವನ್ನು ಕುರುಡಾಗಿ ಹಿಡಿದವರು ವಯಲ್ ಮೇಲೆ ವಯಲ್ ಸುರಿಯುತ್ತಾರೆ. ಅನುಭವವುಳ್ಳವರು ಮೊದಲೇ ಡಯಾಲಿಸಿಸ್ ಇರುವಲ್ಲಿಗೆ ಕಳುಹಿಸುತ್ತಾರೆ. ನನಗೆ ಇದು ವಾದಕ್ಕೆ ವಿರುದ್ಧವಾಗಿ ಕಾಣುವುದಿಲ್ಲ. ಆ ಅನುಭವ ಬರಹಕ್ಕೆ ಇಳಿಯದಿದ್ದರೆ ಮುಂದಿನ ಡಾಕ್ಟರು ಅದನ್ನು ಮತ್ತೊಬ್ಬ ರೋಗಿಯ ಮೂತ್ರಪಿಂಡದ ಬೆಲೆ ತೆತ್ತು ಕಲಿಯಬೇಕಾಗುತ್ತದೆ. ಪುತ್ತೂರಿನ ಗಡಿಯಾಚೆ, ಕಾಸರಗೋಡಿನ ಪಡ್ರೆಯಲ್ಲಿ ಎಂಡೋಸಲ್ಫಾನಿನ ಕೇಡನ್ನು ಮೊದಮೊದಲು ಗುರುತಿಸಿದವರಲ್ಲಿ ಒಬ್ಬರಾದ ಡಾ. ವೈ.ಎಸ್. ಮೋಹನ್ ಕುಮಾರ್ ಒಬ್ಬಂಟಿ ಹಳ್ಳಿ ವೈದ್ಯರೇ. ಅವರು ಕಂಡದ್ದು ಅವರ ಚಿಕಿತ್ಸಾಲಯದಲ್ಲೇ ಉಳಿಯಲಿಲ್ಲ. ಅದನ್ನು ಬರೆದರು, ವೈದ್ಯ ಲೋಕಕ್ಕೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ನಿಷೇಧಿಸುವವರೆಗೆ ನಡೆದ ಹೋರಾಟದ ಮೊದಲ ಕೊಂಡಿಗಳಲ್ಲಿ ಆ ಬರಹವೂ ಒಂದು.

ಮೂರನೆಯ ಆಕ್ಷೇಪಕ್ಕೆ ಉತ್ತರ ಕೊಡುವುದು ಕಷ್ಟ. ಇಲ್ಲಿ ವೈದ್ಯರೇ ನಿಲ್ಲುವುದಿಲ್ಲ; ಕಡಬ ತಾಲೂಕಾದದ್ದೇ ಇತ್ತೀಚೆಗೆ; ಇರುವ ಒಬ್ಬರನ್ನು ಕೊಂಡಾಡುವುದು ಬಿಟ್ಟು ಕ್ರಮ, ತಂಡ ಎಂದರೆ ಅದು ದೊಡ್ಡ ಊರಿನ ಮಾತಾಗುವುದಿಲ್ಲವೇ? ನೀತಿಯೂ ಗಟ್ಟಿಯಾಗಿ ನಿಂತಿಲ್ಲ: ವೈದ್ಯ ಕಾಲೇಜುಗಳಲ್ಲಿ ತುರ್ತು ಚಿಕಿತ್ಸಾ ವಿಭಾಗವನ್ನು 2020ರಲ್ಲಿ ಕಡ್ಡಾಯ ಮಾಡಿದ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2023ರ ನಿಯಮಗಳಲ್ಲಿ ಅದನ್ನು ಕಡ್ಡಾಯ ಪಟ್ಟಿಯಿಂದ ಕೈಬಿಟ್ಟಿತು. ಹೀಗಿರುವಾಗ ವಿಭಾಗವನ್ನು ಉಳಿಸುವವರು ವ್ಯಕ್ತಿಗಳೇ ಎಂಬುದನ್ನು ಒಪ್ಪಲೇಬೇಕು. ಆದರೆ ವೈದ್ಯರು ಕಡಿಮೆ ಇರುವ ಜಾಗದಲ್ಲೇ ಕಲಿಸುವವರ ಬೆಲೆ ಹೆಚ್ಚು. ಅಡಿಕೆ ಮರದಿಂದ ಬಿದ್ದವನನ್ನು ಇಬ್ಬರು ಕೈ, ಇಬ್ಬರು ಕಾಲು ಹಿಡಿದು ಎತ್ತಿ ಜೀಪಿನ ಹಿಂದೆ ಮಡಚಿ ಹಾಕಿದರೆ, ಮುರಿದ ಬೆನ್ನೆಲುಬು ಬೆನ್ನುಹುರಿಯನ್ನೇ ಕತ್ತರಿಸಿಬಿಡಬಹುದು. ಆಮೇಲೆ ಯಾವ ಕೈಗುಣವೂ ಅವನನ್ನು ನಡೆಸಲಾರದು. ಬಾಗಿಲ ಹಲಗೆಯ ಮೇಲೆ ನೇರ ಮಲಗಿಸಿ, ಕುತ್ತಿಗೆಯ ಎರಡೂ ಬದಿ ಮಡಚಿದ ಬೈರಾಸು ಇಟ್ಟು ತರಬೇಕು ಎಂದು ಮರ ಹತ್ತುವವರಿಗೆ, ಜೀಪು ಚಾಲಕರಿಗೆ, ಹೈಸ್ಕೂಲು ಮಕ್ಕಳಿಗೆ ಹೇಳಿಕೊಟ್ಟ ಒಬ್ಬ ವೈದ್ಯರು ಹತ್ತು ವೈದ್ಯರಿಲ್ಲದ ಕೊರತೆಯನ್ನು ಸ್ವಲ್ಪವಾದರೂ ತುಂಬುತ್ತಾರೆ. ಸಹಾಯ ಮಾಡಿದವರನ್ನು ಪೊಲೀಸ್ ಠಾಣೆಗೆ ಅಲೆಸಬಾರದು ಎಂಬ ಕಾನೂನೂ ಈಗ ಕರ್ನಾಟಕದಲ್ಲಿದೆ. ಯಾವ ಗಾಯಾಳುವನ್ನೂ ಕಾಗದಪತ್ರಕ್ಕಾಗಿ ಕಾಯಿಸದೆ ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತ್ತು.

ಹಾಗಾದರೆ ಬೀಳ್ಕೊಡುಗೆ ಹೇಗಿರಬೇಕು? ಶಾಲು ಇರಲಿ, ಹಾರ ಇರಲಿ. ಋಣ ತೀರಿಸದ ಬಲ್ಲಾಳನ ಪಾಲು ನಮಗೆ ಬೇಡ. ವೇದಿಕೆಯ ಮೇಲೆ ನಿವೃತ್ತರಾಗುವ ಗುರುಗಳ ಪಕ್ಕದಲ್ಲಿ ಅವರಿಂದ ಕಲಿತ ಸಿಸ್ಟರುಗಳು, 108ರ ಸಿಬ್ಬಂದಿ, ಈಗ ಎಲ್ಲೆಲ್ಲೋ ಕ್ಯಾಶುವಲ್ಟಿ ನಡೆಸುತ್ತಿರುವ ಶಿಷ್ಯರು ನಿಲ್ಲಲಿ. ‘ಇಂಥವರು ಇನ್ನು ಸಿಗಲಿಕ್ಕಿಲ್ಲ’ ಎನ್ನುವ ಬದಲು ಈ ಕಲಿತವರನ್ನು ತೋರಿಸಿ ‘ಇವರೆಲ್ಲ ಸಿಕ್ಕಿದ್ದಾರೆ’ ಎನ್ನೋಣ. ಸನ್ಮಾನಪತ್ರಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಗುರುಗಳೇ ಕನ್ನಡದಲ್ಲಿ ಬರೆದ ಒಂದು ಸಣ್ಣ ಪುಸ್ತಕಕ್ಕೆ ಎತ್ತಿಡಬಹುದು: ಈ ಮೂರು ತಾಲೂಕುಗಳ ಹಾವುಗಳು, ಮರದಿಂದ ಬೀಳುವಿಕೆ, ತೋಟಕ್ಕೆ ಹೊಡೆಯುವ ವಿಷ, ಹೊಳೆಯಲ್ಲಿ ಮುಳುಗಿದವರು, ಎದೆನೋವು, ಪ್ರತಿಯೊಂದರಲ್ಲೂ ಅವರು ಕಂಡದ್ದು, ತಪ್ಪಿದ್ದು, ತಿದ್ದಿಕೊಂಡದ್ದು. ಪುಸ್ತಕ ಪ್ರತಿ ಆರೋಗ್ಯ ಕೇಂದ್ರಕ್ಕೆ, ಪ್ರತಿ ಪಂಚಾಯತಿಗೆ, ಪ್ರತಿ ಹೈಸ್ಕೂಲಿಗೆ ಹೋಗಲಿ. ನಿಮ್ಮ ಊರಿನ ತುರ್ತು ವಿಭಾಗದಲ್ಲಿ ಅಂಥ ಗುರುಗಳು ನಿವೃತ್ತರಾಗಲಿದ್ದರೆ, ದಯವಿಟ್ಟು ಅಭಿನಂದನಾ ಸಮಿತಿ ಮಾಡುವ ಮೊದಲೇ, ಆರು ತಿಂಗಳು ಮುಂಚಿತವಾಗಿ, ಆ ಪುಸ್ತಕವನ್ನು ಅವರಲ್ಲಿ ಕೇಳಿ.