ಹೊಳೆಯ ಹೆಸರು, ಸೇತುವೆಯ ಹೆಸರು

ರೈಲುಗಾಡಿಯ ಕಿಟಕಿಯಲ್ಲಿ ಕ್ಷಣಮಾತ್ರ ಮಿನುಗಿ ಮರೆಯಾಗುವ ಹಳ್ಳಕ್ಕೂ ಒಂದು ಹೆಸರುಂಟು. ಆ ಹೆಸರಿಗೂ ಒಂದು ಚರಿತ್ರೆಯುಂಟು.

ನಮ್ಮ ಹೊಳೆಗಳಲ್ಲಿ ಕೆಲವಕ್ಕೆ ಎರಡೆರಡು ಹೆಸರು: ಒಂದು ಒಕ್ಕಲಿನವರದು, ಇನ್ನೊಂದು ಪಂಡಿತರದು. ಚಾಮರಾಜನಗರ ಸೀಮೆಯ ಹೊನ್ನುಹೊಳೆಯೇ ಸಂಸ್ಕೃತದಲ್ಲಿ ಸುವರ್ಣಾವತಿ, ಗುಂಡ್ಲುಹೊಳೆಯೇ ಕೌಂಡಿನ್ಯೆ. ಮೊದಲನೆಯದು ಕೇವಲ ಭಾಷಾಂತರ; ಎರಡನೆಯದರಲ್ಲಿ ಋಷಿಯೊಬ್ಬನ ಸ್ಮರಣೆ ಬಂದು ಸೇರಿತು. ಬಾಬಾಬುಡನ್ ಗಿರಿಗಳಿಂದಿಳಿದ ವೇದಾ, ಆವತಿಗಳು ಕಡೂರಿನ ಬಳಿ ಕೂಡಿ ವೇದಾವತಿಯಾದುವು. ಕೂಡಲಿಯಲ್ಲಿ ತುಂಗೆ, ಭದ್ರೆಯರು ತುಂಗಭದ್ರೆಯಾದರು. ಇಲ್ಲಿ ಹೆಸರೇ ಭೂಪಟ.

ಸೇತುವೆಯ ಮಾತು ಬೇರೆ. ಹೊಳೆಗೆ ಹೆಸರಿಡುವವರು ಅದರ ನೀರನ್ನು ಕುಡಿದವರು. ಸೇತುವೆಗೆ ಹೆಸರಿಡುವವರು ಬಹುಮಟ್ಟಿಗೆ ಅಧಿಕಾರದಲ್ಲಿದ್ದವರು. 1799ರಲ್ಲಿ ಟಿಪ್ಪು ಮಡಿದ ಶ್ರೀರಂಗಪಟ್ಟಣದಲ್ಲಿ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ಕಾವೇರಿಗೆ ಕಲ್ಲುಕಂಬಗಳ ಸೇತುವೆಯೊಂದು 1804ರಲ್ಲಿ ಮುಗಿಯಿತು. ಅದಕ್ಕೆ ಸಂದ ಹೆಸರು ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಕಂಬಗಳನ್ನು ಕಡಿದು ನಿಲ್ಲಿಸಿದ ಕಲ್ಕುಟಿಗರು ನಮ್ಮವರೇ. ಆದರೆ ಹೆಸರಿನಲ್ಲಿ ಅವರಿಗೆ ಪಾಲಿಲ್ಲ.

ಹೆಸರು ಇದ್ದ ಮಾತ್ರಕ್ಕೆ ಹೊಳೆ ಉಳಿಯುವುದೆ? ಬಸವನಗುಡಿಯ ನಂದಿಯ ನೆನಪನ್ನು ಹೊತ್ತ ವೃಷಭಾವತಿ ಇಂದು ಬೆಂಗಳೂರಿನ ಕೊಳಚೆಯನ್ನು ಹೊರುತ್ತಿರುವಳು. ದಾರಿಹೋಕರು ಆಕೆಯನ್ನು ಮೋರಿಯೆಂದೇ ಕರೆಯುವರು. ನೀರು ಕೆಟ್ಟಲ್ಲಿ ಹೆಸರೂ ಕೆಡುವುದು. ಹೆಸರು ಮರೆತಲ್ಲಿ ನೀರಿನ ಚಿಂತೆಯೂ ಅಳಿಯುವುದು.

ಆದುದರಿಂದ ಮುಂದಿನ ಸಲ ಹಳ್ಳವೊಂದನ್ನು ದಾಟುವಾಗ ದಡದ ಹಿರಿಯರನ್ನು ಅದರ ಹೆಸರು ಕೇಳಿರಿ. ಆ ಉತ್ತರವೂ ಒಂದು ಶಾಸನವೇ. ಆದರೆ ಅದು ಕಲ್ಲಿನ ಮೇಲಿಲ್ಲ, ನಾಲಗೆಯ ಮೇಲಿದೆ.